ಮೂರು ಸಹಿಯ ಕಿಟಕಿ

ಬೈಕುಲ್ಲಾದ ಆ ಟ್ರಸ್ಟ್ ಆಸ್ಪತ್ರೆಯಲ್ಲಿ ರೋಗಿಯ ಹಾಸಿಗೆಗೆ ಒಂದು ಒಗೆದ ಚಾದರ ಬೇಕಾದರೆ ಮೂರು ಸಹಿ ಬೇಕಿತ್ತು. ವಾರ್ಡಿನ ಸಿಸ್ಟರದ್ದು ಒಂದು, ಆ ಮಹಡಿಯ ಸೂಪರ್‌ವೈಸರದ್ದು ಒಂದು, ಕೆಳಗೆ ಆಫೀಸಿನಲ್ಲಿ ಕೂರುವ ಹಿತೇಶ್ ಭಾಯಿಯದ್ದು ಒಂದು. ಮೂರೂ ಬಿದ್ದ ಗುಲಾಬಿ ಬಣ್ಣದ ಚೀಟಿ ಹಿಡಿದು ನೆಲಮಾಳಿಗೆಗೆ ಇಳಿದರೆ ಅಲ್ಲೊಂದು ಕಬ್ಬಿಣದ ಜಾಲರಿಯ ಕಿಟಕಿ. ಕಿಟಕಿಯ ಹಿಂದೆ ಶೆಟ್ಟೆಪ್ಪ. ಬೆಳಿಗ್ಗೆ ಹತ್ತರಿಂದ ಹನ್ನೆರಡು, ಮಧ್ಯಾಹ್ನ ಮೂರರಿಂದ ನಾಲ್ಕೂವರೆ. ಉಳಿದ ಹೊತ್ತಿನಲ್ಲಿ ಸಾಕ್ಷಾತ್ ಟ್ರಸ್ಟಿಯೇ ಬಂದು ನಿಂತರೂ ಆ ಜಾಲರಿ ಮೇಲೇಳುತ್ತಿರಲಿಲ್ಲ.

ಶೆಟ್ಟೆಪ್ಪ ಬೈಲಹೊಂಗಲದ ಕಡೆಯವನು. ಇಪ್ಪತ್ತೆರಡರ ಹರೆಯದಲ್ಲಿ ಮುಂಬಯಿಗೆ ಬಂದು ಇದೇ ಆಸ್ಪತ್ರೆಯ ಬಟ್ಟೆ ಒಗೆಯುವ ಖೋಲಿಯಲ್ಲಿ ಸೇರಿಕೊಂಡವನು, ನಿಧಾನಕ್ಕೆ ಬಟ್ಟೆ ಉಗ್ರಾಣದ ಹೊಣೆಗೆ ಏರಿದ್ದ. ಈಗ ಐವತ್ತೇಳು. ಮಕ್ಕಳಾಗಲಿಲ್ಲ. ಹೆಂಡತಿ ಚನ್ನವ್ವ ತೀರಿಕೊಂಡು ಎಂಟು ವರ್ಷ. ಕುರ್ಲಾದ ಚಾಳಿನ ಎರಡನೆಯ ಮಾಳಿಗೆಯಲ್ಲಿ ಒಂದು ಖೋಲಿ, ಒಂದು ಸ್ಟವ್, ಗೋಡೆಯ ಮೇಲೆ ಅವಳ ಫೋಟೋ. ರವಿವಾರ ಬಂತೆಂದರೆ ಅವನಿಗೆ ಮೈಮೇಲೆ ಹೊರೆ ಬಿದ್ದಂತೆ. ಸೋಮವಾರ ಬೆಳಿಗ್ಗೆ ಲೋಕಲ್ ರೈಲಿನಲ್ಲಿ ಜನರ ಮೊಣಕೈ ತಿವಿಸಿಕೊಳ್ಳುವಾಗಲೇ ಜೀವ ಮರಳಿ ಬರುತ್ತಿತ್ತು.

ಆ ಮೂರು ಸಹಿಯ ಕಾನೂನು ಯಾವ ದೊಡ್ಡವರೂ ಮಾಡಿದ್ದಲ್ಲ. ಶೆಟ್ಟೆಪ್ಪನೇ ಮಾಡಿದ್ದು. ಒಂಬತ್ತು ವರ್ಷದ ಹಿಂದೆ ಉಗ್ರಾಣದಿಂದ ಹನ್ನೆರಡು ಡಜನ್ ಚಾದರ ಕಾಣೆಯಾದವು. ಆಗಿನ ಸೂಪರಿಂಟೆಂಡೆಂಟ್ ಎಲ್ಲರೆದುರಿಗೆ ಅವನ ಚೀಲ ಬಿಚ್ಚಿಸಿ ನೋಡಿದ. ಚೀಲದಲ್ಲಿ ಎರಡು ರೊಟ್ಟಿ, ಶೇಂಗಾ ಚಟ್ನಿ. ಏನೂ ಸಿಗಲಿಲ್ಲ ನಿಜ, ಆದರೆ ನೀನು ಕಳ್ಳನಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳಲೂ ಇಲ್ಲ. ಮನೆಗೆ ಬಂದು ಎರಡು ದಿನ ಅನ್ನ ಬಿಟ್ಟು ಕೂತ. ಮೂರನೆಯ ದಿನ ಎದ್ದು, ಇನ್ನು ಮುಂದೆ ಯಾರೂ ತನ್ನ ಕಡೆ ಬೆರಳು ತೋರಿಸಬಾರದು ಎಂದು ಹಾಳೆಯ ಮೇಲೆ ಗೆರೆ ಹೊಡೆದು ಚೀಟಿಯ ನಮೂನೆ ಬರೆದ. ಮೇಲಿನವರಿಗೂ ಅದು ಮೆಚ್ಚುಗೆಯಾಯಿತು. ಗುಲಾಬಿ ಕಾಗದದಲ್ಲಿ ಅಚ್ಚು ಹಾಕಿಸಿದರು. ಅಂದಿನಿಂದ ಒಂದು ತಲೆದಿಂಬಿನ ಚೀಲವೂ ಲೆಕ್ಕ ತಪ್ಪಲಿಲ್ಲ.

ಮುಂದಿನ ವರ್ಷ ಚನ್ನವ್ವ ಹೋದಳು. ಆಮೇಲೆ ಆ ಕಿಟಕಿ ಅವನಿಗೆ ಬರೀ ಕಿಟಕಿಯಾಗಿ ಉಳಿಯಲಿಲ್ಲ. ಮಧ್ಯಾಹ್ನ ಮೂರಕ್ಕೆ ಜಾಲರಿ ಎತ್ತಿದರೆ ಹೊರಗೆ ಏಳೆಂಟು ಜನರ ಸಾಲು. ಆಯಾಗಳು, ವಾರ್ಡ್‌ಬಾಯ್‌ಗಳು, ಒಮ್ಮೊಮ್ಮೆ ನರ್ಸುಗಳು. ಚೀಟಿ ನೋಡುತ್ತ, ಸಹಿ ಹೊಂದಿಸುತ್ತ ಒಬ್ಬೊಬ್ಬರನ್ನೂ ಮಾತಾಡಿಸುವನು. ಮಗಳ ಪರೀಕ್ಷೆ ಏನಾಯಿತು, ಊರಿಂದ ಅತ್ತೆ ಬಂದರೇ, ಮೊಣಕಾಲ ನೋವು ಹೇಗಿದೆ. ಸಾಲಿನವರು ಕೂರಲೆಂದು ತಾನೇ ಒಂದು ಹಳೆಯ ಬೆಂಚು ತಂದು ಹಾಕಿದ್ದ. ಕುಡಿಯಲು ಮಡಕೆಯ ನೀರು ಇಟ್ಟಿದ್ದ. ಎಲ್ಲರೂ ನಗುನಗುತ್ತ ಉತ್ತರ ಕೊಡುತ್ತಿದ್ದರು. ತನ್ನನ್ನು ಕಂಡರೆ ಇವರಿಗೆಲ್ಲ ಎಷ್ಟು ಪ್ರೀತಿ ಎಂದು ಶೆಟ್ಟೆಪ್ಪ ಅಂದುಕೊಂಡಿದ್ದ.

ಅವರೊಳಗೆಲ್ಲ ಮಲ್ಲಕ್ಕ ಬೇರೆ. ಮೂರನೆಯ ಮಹಡಿಯ ಹೆಂಗಸರ ವಾರ್ಡಿನ ಆಯಾ. ಇಂಡಿ ತಾಲೂಕಿನವಳು. ಗಂಡ ಕಟ್ಟಡದ ಕೆಲಸದಲ್ಲಿ ಬಿದ್ದು ತೀರಿಕೊಂಡ ಮೇಲೆ ಇಪ್ಪತ್ತು ವರ್ಷದಿಂದ ಇದೇ ಆಸ್ಪತ್ರೆಯಲ್ಲಿದ್ದಳು. ಮನೆ ಥಾಣೆಯಾಚೆಯ ದಿವಾದಲ್ಲಿ, ಮಗಳ ಜೊತೆ. ಅವಳ ಪಾಳಿ ಮುಗಿಯುವುದು ಮೂರೂವರೆಗೆ. ಆದರೆ ಸಂಜೆಯ ಪಾಳಿಗೆ ಬೇಕಾದ ಚಾದರ ಬಿಡಿಸಿಕೊಟ್ಟೇ ಹೋಗಬೇಕಾದ್ದರಿಂದ ನಾಲ್ಕೂಕಾಲು ಆಗುತ್ತಿತ್ತು. ಆ ಮುಕ್ಕಾಲು ಗಂಟೆ ಅವಳು ಬೆಂಚಿನ ತುದಿಯಲ್ಲಿ ಕೂತು ಮಾತಾಡುವಳು. ತಮ್ಮ ಕಡೆಯ ಮಾತು. ದಿನವಿಡೀ ಹಿಂದಿ, ಮರಾಠಿ ಕೇಳಿದ ಕಿವಿಗೆ ಅದು ಬಿಸಿಲಲ್ಲಿ ಬಂದವನಿಗೆ ಮಜ್ಜಿಗೆ ಕೊಟ್ಟ ಹಾಗೆ. ಸಾಲು ಕರಗಿದರೂ ಶೆಟ್ಟೆಪ್ಪ ಅವಳ ಚೀಟಿಯನ್ನು ಕೊನೆಗೆ ಇಟ್ಟುಕೊಳ್ಳುತ್ತಿದ್ದ. ಬೇಕೆಂತಲೇ ಇಟ್ಟುಕೊಳ್ಳುತ್ತಿದ್ದ ಎಂದರೂ ಸುಳ್ಳಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಆಸ್ಪತ್ರೆಗೆ ಹೊಸ ಮ್ಯಾನೇಜರ್ ಬಂದಳು. ಸೌಮ್ಯಾ ಅಂತ, ಮೂವತ್ತರ ಆಸುಪಾಸು. ತಂದೆತಾಯಿ ಉಡುಪಿ ಕಡೆಯವರಾದರೂ ಹುಟ್ಟಿ ಬೆಳೆದದ್ದು ಮುಲುಂಡಿನಲ್ಲಿ. ಬಂದ ವಾರವೇ ಎಲ್ಲ ಮಹಡಿಗೂ ಹೋಗಿ ಒಂದೊಂದು ಬಿಳಿ ಚೀಟಿ ಹಂಚಿದಳು. ನೆಲಮಾಳಿಗೆಗೂ ಬಂದಳು.

"ಶೆಟ್ಟೆಪ್ಪ ಅಂಕಲ್, ನಂದು ಕನ್ನಡ ಸ್ವಲ್ಪ ತುಂಡು ತುಂಡು, ಹಾಂ. ಇದ್ರಲ್ಲಿ ಒಂದೇ ಬರೀಬೇಕು. ನಿಮ್ಮ ಕೆಲ್ಸಕ್ಕೆ ಸುಮ್ಸುಮ್ನೆ ಅಡ್ಡ ಬರೋದು ಯಾವ್ದು? ರೋಜ್ ತಲೆ ತಿನ್ನೋದು ಯಾವ್ದು? ಹೆಸ್ರು ಬೇಡ."

"ಬರದು ಏನ ಆಗೂದೈತ್ರಿ ಮ್ಯಾಡಮ್?"

"ಆಗ್ತದೆ ಅಂಕಲ್. ಒಂದೊಂದೇ ತೆಗೀತಾ ಹೋಗುವ."

ಶೆಟ್ಟೆಪ್ಪ ಬಹಳ ಹೊತ್ತು ಯೋಚಿಸಿದ. ತನ್ನ ಕೆಲಸದಲ್ಲಿ ಅಡ್ಡಿ ಎನ್ನುವಂಥದ್ದು ಏನೂ ಹೊಳೆಯಲಿಲ್ಲ. ಕೊನೆಗೆ, ಟ್ಯೂಬ್‌ಲೈಟು ಮಿಣುಕುತ್ತದೆ ಎಂದು ಬರೆದ. ಮರುದಿನವೇ ಹೊಸ ಟ್ಯೂಬು ಬಂತು. ಹುಡುಗಿ ಕೆಲಸ ಮಾಡಿ ತೋರಿಸುವವಳು ಎಂದು ಅವನಿಗೆ ಅನ್ನಿಸಿತು.

ಹತ್ತು ದಿನದ ಮೇಲೆ ಕ್ಯಾಂಟೀನಿನಲ್ಲಿ ಸಭೆ ಸೇರಿತು. ಚಹಾ, ಬಟಾಟೆವಡೆ. ಸೌಮ್ಯಾ ಹಿಂದಿಯಲ್ಲಿ ಚೀಟಿಗಳನ್ನು ಒಂದೊಂದಾಗಿ ಓದಿದಳು. ಸ್ಟ್ರೆಚರಿನ ಒಂದು ಗಾಲಿ ತಿರುಗುವುದಿಲ್ಲ. ಲಿಫ್ಟಿನವನು ಊಟಕ್ಕೆ ಹೋದರೆ ಬೀಗ ಹಾಕಿಕೊಂಡು ಹೋಗುತ್ತಾನೆ. ಬಟ್ಟೆ ಬದಲಿಸುವ ಖೋಲಿಗೆ ಒಳಚಿಲಕ ಇಲ್ಲ. ಶೆಟ್ಟೆಪ್ಪ ಪ್ರತಿಯೊಂದಕ್ಕೂ ಹೌದು ಹೌದೆಂದು ತಲೆ ಆಡಿಸಿದ. ಕೊನೆಗೆ ಅವಳು ಒಂದು ದಪ್ಪ ಕಟ್ಟು ಕೈಗೆತ್ತಿಕೊಂಡಳು.

ಒಟ್ಟು ತೊಂಬತ್ನಾಲ್ಕು ಚೀಟಿ ಬಂದಿವೆ, ಅದರಲ್ಲಿ ಅರವತ್ತೊಂದರಲ್ಲಿ ಒಂದೇ ಮಾತಿದೆ ಎಂದಳು. ಚಾದರದ ಕಿಟಕಿ.

 ಹಿಂದಿನಿಂದ ಯಾರೋ, "ವೀಸಾ ಮಿಲ್ ಜಾತಾ ಹೈ ಮ್ಯಾಡಮ್, ಚಾದರ್ ನಹೀ ಮಿಲ್ತಾ!" ಎಂದು, ವೀಸಾ ಸಿಕ್ಕೀತು ಚಾದರ ಸಿಗದು ಎಂಬಂತೆ, ಕೂಗಿದರು. ಇಡೀ ಕ್ಯಾಂಟೀನ್ ಗೊಳ್ಳೆಂದಿತು. ನಕ್ಕವರು ಶೆಟ್ಟೆಪ್ಪನನ್ನು ನೋಡಿ ನಗಲಿಲ್ಲ. ಬಹಳ ದಿನದಿಂದ ಒಳಗೆ ಕಟ್ಟಿಕೊಂಡಿದ್ದು ಸಡಿಲಾದಾಗ ಬರುವ ನಗೆ ಅದು. ಅವನ ಕೈಯಲ್ಲಿದ್ದ ವಡೆ ಹಾಗೇ ಉಳಿಯಿತು. ಕಣ್ಣು ಮಲ್ಲಕ್ಕನನ್ನು ಹುಡುಕಿತು. ಅವಳು ತಲೆ ತಗ್ಗಿಸಿ ಚಹಾದ ಕಪ್ಪನ್ನು ನೋಡುತ್ತಿದ್ದಳು.

ಅವನು ಯಾರಿಗೂ ಹೇಳದೆ ಮೆಟ್ಟಿಲಿಳಿದು ಬಂದ. ತೊಂಬತ್ನಾಲ್ಕರಲ್ಲಿ ಅರವತ್ತೊಂದು. ಹಾಗಾದರೆ ಆ ಸಾಲು, ಆ ನಗು, ಆ ಕ್ಷೇಮಸಮಾಚಾರ? ದಿನಾ ಮೂರಕ್ಕೆ ತನ್ನ ಬಳಿಗೆ ಬರುತ್ತಿದ್ದವರು ತನ್ನ ಬಳಿಗೆ ಬರುತ್ತಿರಲಿಲ್ಲವೇ? ಮಡಚಿಟ್ಟಿದ್ದ ಚಾದರಗಳನ್ನು ಬಿಚ್ಚಿ ಮತ್ತೆ ಮಡಚುತ್ತ ಕೂತ. ಬೇರೇನು ಮಾಡಬೇಕೆಂದು ತಿಳಿಯಲಿಲ್ಲ.

ಮರುದಿನದಿಂದ ಅವನು ಬಿಗಿಯಾದ. ಗಡಿಯಾರದ ಮುಳ್ಳು ಮೂರಕ್ಕೆ ತಾಗಿದ ಮೇಲೆಯೇ ಜಾಲರಿ ಎತ್ತಿದ. ಸಹಿಯ ಬಾಲ ಸ್ವಲ್ಪ ಸೊಟ್ಟಗಿದ್ದರೂ ಚೀಟಿ ವಾಪಸ್. ಯಾರ ಮಗಳ ಪರೀಕ್ಷೆಯನ್ನೂ ಕೇಳಲಿಲ್ಲ. ಎಲ್ಲರೂ ಹೋದ ಮೇಲೆ, ಬೆಂಚಿನ ತುದಿಯಲ್ಲಿ ಕೂತಿದ್ದ ಮಲ್ಲಕ್ಕನನ್ನು ಮಾತ್ರ ಕೇಳಿದ.

"ನೀವೂ ಬರದೀರೇನು?"

"ನನಗೆಲ್ಲಿ ಬರಿಯಾಕ ಬರತೈತ್ರಿ ಅಣ್ಣಾ. ರಂಜನಾ ಸಿಸ್ಟರ್ ಕೈಲೆ ಬರಿಸೀನಿ."

ಸುಳ್ಳು ಹೇಳಿದ್ದರೆ ನಂಬುವುದಕ್ಕೆ ಅವನು ತಯಾರಿದ್ದ. ಅವಳು ಹೇಳಲಿಲ್ಲ.

"ಮತ್ತ ಇಷ್ಟ ವರ್ಸಾ ಇಲ್ಲಿ ಕುಂತು ಮಾತಾಡಿದ್ದು?"

ಮಲ್ಲಕ್ಕ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಚೀಟಿ ಆಗೂತನಾ ಸುಮ್ನ ಹೆಂಗ ಕುಂದರೂದ್ರಿ? ಮಾತಾಡಿದೆ. ಖೊಟ್ಟಿ ಏನ ಮಾತಾಡಿಲ್ಲ. ಖರೇ ಖರೇನ ಮಾತಾಡೀನಿ. ಆದ್ರ ಅಣ್ಣಾ, ಮೂರೂ ಐವತ್ತೆರಡರ ಗಾಡಿ ಐತಲ್ಲ, ಅದು ಸಿಕ್ರ ಐದಕ್ಕ ಮನಿ. ನಮ್ಮ ಗಲ್ಲಿಗೆ ಐದೂಕಾಲಿಗೆ ನೀರು ಬಿಡ್ತಾರ, ಐದೂಮುಕ್ಕಾಲಿಗೆ ಬಂದ್. ಇಲ್ಲಿಂದ ಎದ್ದು ಹೋಗೂದ್ರಾಗ ನೀರು ಹೋಗಿರತೈತಿ. ಒಂಬತ್ತು ವರ್ಸ ಆತು, ಮಂದಿ ಮನಿ ಬಾಗಲಾಗ ಕೊಡಾ ಹಿಡಕೊಂಡು ನಿಂತೀನಿ."

"ಒಮ್ಮೆರ ಹೇಳಬೇಕಿಲ್ಲೇನ?"

"ನಿಮ್ಮ ಮಾರಿ ನೋಡಿದ್ರ ಹೇಳಾಕ ಆಗತಿರಲಿಲ್ಲ," ಎಂದು ಅವಳು ಚಾದರದ ಗಂಟು ಎತ್ತಿಕೊಂಡು ಹೋದಳು.

ಆ ವಾರ ಶೆಟ್ಟೆಪ್ಪನ ಮನಸ್ಸು ತೀರ ಕೆಟ್ಟಿತು. ಒಮ್ಮೆ ಅವಳ ಮೇಲೆ ಸಿಟ್ಟು, ಒಮ್ಮೆ ತನ್ನ ಮೇಲೆ. ಶುಕ್ರವಾರ ಹನ್ನೆರಡೂಕಾಲಿಗೆ ಮಲ್ಲಕ್ಕ ಓಡುತ್ತ ಬಂದಳು. ಜಾಲರಿ ಇಳಿದಿತ್ತು. ಚೀಟಿಯ ಮೇಲೆ ಎರಡೇ ಸಹಿ ಇದ್ದವು.

"ಹಿತೇಶ್ ಭಾಯ್ ಬ್ಯಾಂಕಿಗೆ ಹೋಗ್ಯಾರಂತ್ರಿ. ಹನ್ನೆರಡನೇ ನಂಬರಿನ ಅಜ್ಜಿ ಹಾಸಿಗಿ ಪೂರಾ ಹಸಿ ಆಗೇತಿ. ಎರಡು ಚಾದರ ಕೊಡ್ರಿ, ಸಹಿ ಆಮ್ಯಾಲ ತರ್ತೀನಿ."

"ನಾ ಕೊಟ್ರ ಅದೂ ಒಂದು ತಪ್ಪಾಗತೈತಿ. ಅರವತ್ತೊಂದು ಮಂದಿ ಬರದಾರಲ್ಲ, ಮ್ಯಾಡಮ್ಮಗ ಹೋಗಿ ಕೇಳ್ರಿ."

ಅವಳು ಜಾಲರಿಯ ಆಚೆಯಿಂದ ಅವನನ್ನೇ ನೋಡಿದಳು. ಆಮೇಲೆ ತಿರುಗಿ ಮೆಟ್ಟಿಲು ಹತ್ತಿದಳು.

ಶೆಟ್ಟೆಪ್ಪ ಡಬ್ಬಿ ಬಿಚ್ಚಿದ. ರೊಟ್ಟಿ ಮುರಿದ. ಮುರಿದ ತುತ್ತನ್ನು ಮತ್ತೆ ಡಬ್ಬಿಯಲ್ಲೇ ಇಟ್ಟ. ಅವಳು ಬೈದಿದ್ದರೆ ಊಟ ಸೇರುತ್ತಿತ್ತೇನೋ. ಅರ್ಧ ಗಂಟೆಯ ಮೇಲೆ ಎದ್ದು, ಕಪಾಟಿನಿಂದ ಎರಡು ಚಾದರ ತೆಗೆದು ತೋಳಿನ ಮೇಲೆ ಹಾಕಿಕೊಂಡು ಮೂರನೆಯ ಮಹಡಿಗೆ ಹೊರಟ. ಆ ಮಹಡಿಗೆ ಅವನು ಕಾಲಿಟ್ಟು ಎಂಟು ವರ್ಷವಾಗಿತ್ತು. ಚನ್ನವ್ವ ಕೊನೆಯ ಹದಿನೇಳು ದಿನ ಅದೇ ವಾರ್ಡಿನಲ್ಲಿ ಮಲಗಿದ್ದಳು, ಬಾಗಿಲಿನಿಂದ ನಾಲ್ಕನೆಯ ಮಂಚ. ಮೆಟ್ಟಿಲು ಹತ್ತುವಾಗ ಎರಡು ಸಲ ನಿಂತ. ಏದುಸಿರಿಗೆ ನಿಂತೆ ಎಂದು ತನಗೇ ಹೇಳಿಕೊಂಡ.

ಹನ್ನೆರಡನೆಯ ಮಂಚದ ಅಜ್ಜಿ ಮಲಗಿದ್ದಳು. ಅವಳ ಕೆಳಗೆ ಹಾಸಿದ್ದು ಚಾದರವಲ್ಲ. ಕಾಡಿಗೆ ಬಣ್ಣದ ಒಡಲು, ಕೆಂಪು ಅಂಚಿನ ಇಳಕಲ್ ಸೀರೆ. ಅದು ಮಲ್ಲಕ್ಕ ಉಟ್ಟು ಬರುವ ಸೀರೆ. ಬೆಳಿಗ್ಗೆ ಬಂದು ಅದನ್ನು ಬಿಚ್ಚಿಟ್ಟು ಸಮವಸ್ತ್ರದ ಸೀರೆ ಉಟ್ಟರೆ, ಹೋಗುವಾಗ ಮತ್ತೆ ಅದನ್ನೇ ಉಟ್ಟು ಹೋಗುವಳು. ಅಜ್ಜಿಯ ಕಾಲ ಬಳಿ ಮಲ್ಲಕ್ಕ ನಿಂತು ಸೀರೆಯ ಸುಕ್ಕು ಸರಿಮಾಡುತ್ತಿದ್ದಳು. ರಂಜನಾ ಸಿಸ್ಟರ್ ಸಲಾಯಿನ್ ನೋಡುತ್ತಿದ್ದಳು. ಶೆಟ್ಟೆಪ್ಪನನ್ನು ಕಂಡು ಇಬ್ಬರೂ ಗಾಬರಿಯಾದರು, ತಪ್ಪು ಮಾಡುವಾಗ ಸಿಕ್ಕಿಬಿದ್ದವರ ಹಾಗೆ.

"ಇದ ಮೊದಲನೇ ಸಲ ಏನು?" ಎಂದು ಶೆಟ್ಟೆಪ್ಪ ಕೇಳಿದ.

ಮಲ್ಲಕ್ಕ ಮತ್ತೆ ಸೀರೆಯ ಸುಕ್ಕಿಗೆ ಬಾಗಿದಳು. ರಂಜನಾಳಿಗೆ ಕನ್ನಡ ಅಷ್ಟಾಗಿ ಬರದಿದ್ದರೂ ಪ್ರಶ್ನೆ ತಿಳಿಯಿತು. ಅವಳು ಸುಮ್ಮನೆ ವಾರ್ಡಿನ ಮೂಲೆಗೆ ಹೋಗಿ, ಆಕ್ಸಿಜನ್ ಸಿಲಿಂಡರುಗಳ ಹಿಂದಿನ ಕಬ್ಬಿಣದ ಪೆಟ್ಟಿಗೆಯ ಬೀಗ ತೆಗೆದಳು. ಒಳಗೆ ಹಳೆಯ ಎಕ್ಸರೇ ಲಕೋಟೆಗಳು. ಅವುಗಳ ಕೆಳಗೆ ಚಾದರ ಬಚ್ಚಿಡುವ ಜಾಗ. ಅಂದು ಅದು ಖಾಲಿಯಿತ್ತು. "ಕಲ್ ತಕ್ ಚೌದಾ ಥೇ, ಕಾಕಾ, ಹದಿನಾಲ್ಕು. ನಿನ್ನೆ ಎಲ್ಲ ಮುಗಿದವು," ಎಂದು ಅರ್ಧ ಹಿಂದಿಯಲ್ಲಿ, ಅರ್ಧ ಮಲ್ಲಕ್ಕನಿಂದ ಕಲಿತ ಕನ್ನಡದಲ್ಲಿ ಹೇಳಿದಳು. ಎಲ್ಲ ವಾರ್ಡಿನವರೂ ಹೀಗೇ ಬಚ್ಚಿಡುತ್ತಾರಂತೆ. ನಾಲ್ಕು ಬೇಕಾದಲ್ಲಿ ಆರಕ್ಕೆ ಸಹಿ ಹಾಕಿಸಿ, ಎರಡನ್ನು ಮುಚ್ಚಿಡುವುದು. ಕಿಟಕಿ ಯಾವಾಗ ಮುಚ್ಚುತ್ತದೋ, ಸಹಿ ಯಾವಾಗ ತಪ್ಪುತ್ತದೋ ಯಾರಿಗೆ ಗೊತ್ತು?

ಚಾದರ ಸಾಲುವುದಿಲ್ಲವೆಂದು ಶೆಟ್ಟೆಪ್ಪ ವರ್ಷವರ್ಷವೂ ಮೇಲಿನವರಿಗೆ ಅರ್ಜಿ ಬರೆದಿದ್ದ. ಸಾಲದ್ದಕ್ಕೆ ಕಾರಣ ಅಲ್ಲೇ, ಆ ಖಾಲಿ ಪೆಟ್ಟಿಗೆಯಲ್ಲಿ ಕಂಡಿತು.

ಮೂವರೂ ಸೇರಿ ಅಜ್ಜಿಯನ್ನು ಮೆಲ್ಲಗೆ ಹೊರಳಿಸಿ ಚಾದರ ಹಾಸಿದರು. ಸೀರೆಗೆ ತೇವ ತಾಗಿತ್ತು. ಅದನ್ನು ಮಡಚುತ್ತ ಮಲ್ಲಕ್ಕ ಸಣ್ಣ ದನಿಯಲ್ಲಿ ಹೇಳಿದಳು: "ಒಂದು ಮಾತು ಹೇಳ್ಲ್ಯಾ? ಸಿಟ್ಟಾಗಬ್ಯಾಡ್ರಿ. ಚನ್ನವ್ವಕ್ಕ ಇಲ್ಲಿ ಮಲಗಿದ್ದಾಗ ದಿನಾ ಎರಡು ಸಲ ಚಾದರ ಬದಲ ಮಾಡ್ತಿದ್ವಿ. ನಿಮ್ಮ ಚೀಟಿಗೆ ಒಂದ ಸಿಗತಿತ್ತು. ಇನ್ನೊಂದು ಈ ಪೆಟಗಿದ್ದು."

ಶೆಟ್ಟೆಪ್ಪ ನಾಲ್ಕನೆಯ ಮಂಚದ ಕಡೆ ನೋಡಿದ. ಅಲ್ಲಿ ಯಾರೋ ಹರೆಯದ ಹೆಂಗಸು ಮೊಬೈಲ್ ನೋಡುತ್ತ ಮಲಗಿದ್ದಳು. ಆಗಿನ ಸಂಜೆಗಳು ನೆನಪಾದವು. ಡ್ಯೂಟಿ ಮುಗಿಸಿ ಮೇಲೆ ಬಂದಾಗಲೆಲ್ಲ ಹೆಂಡತಿಯ ಹಾಸಿಗೆ ಹಾಲಿನಂತೆ ಬೆಳ್ಳಗೆ ಇರುತ್ತಿತ್ತು. ನೋಡು, ನನ್ನ ಕಾನೂನು ಎಷ್ಟು ಚೊಕ್ಕ ನಡೆಯುತ್ತದೆ ಎಂದು ಅವಳೆದುರಿಗೆ ಹೆಮ್ಮೆಯಿಂದ ಹೇಳಿಕೊಂಡಿದ್ದ. ಅವಳು ನಕ್ಕಿದ್ದಳು. ಅವಳಿಗೆ ಗೊತ್ತಿತ್ತೇ? ಈಗ ಕೇಳೋಣವೆಂದರೆ ಅವಳಿಲ್ಲ. ಅವನು ಒದ್ದೆ ಸೀರೆಯನ್ನು ಮಲ್ಲಕ್ಕನ ಕೈಯಿಂದ ಇಸಿದುಕೊಂಡು, "ಒಗಸಿ ಒಣಗಿಸಿ ಕೊಡ್ತೀನಿ, ಮೂರರೊಳಗ," ಎಂದು ಇಳಿದು ಬಂದ.

ಶನಿವಾರ ಬೆಳಿಗ್ಗೆ ಸೌಮ್ಯಾ ಇನ್ನೂ ಬ್ಯಾಗ್ ಕೆಳಗಿಡುವ ಮೊದಲೇ ಶೆಟ್ಟೆಪ್ಪ ಅವಳ ಖೋಲಿಯ ಬಾಗಿಲಲ್ಲಿದ್ದ.

"ಅಂಕಲ್, ಬನ್ನಿ. ನಾನೇ ಬರೋದಿತ್ತು. ಮೊನ್ನೆ ಮೀಟಿಂಗಲ್ಲಿ ನಿಮ್ಗೆ ಬೇಜಾರಾಯ್ತು ಅಂತ ಗೊತ್ತುಂಟು ನಂಗೆ. ನಾವು ಏನು ಮಾಡುವ ಅಂದ್ರೆ, ಚೀಟಿ ಎಲ್ಲ ಕಂಪ್ಯೂಟರಿಗೆ ಹಾಕುವ. ಮೂರು ಸೈನ್ ಆನ್‌ಲೈನ್..."

"ಚೀಟಿನ ಬ್ಯಾಡ್ರಿ ಮ್ಯಾಡಮ್."

"ಹಾಂ?"

"ಸಹಿನೂ ಬ್ಯಾಡ, ಕಿಟಕಿನೂ ಬ್ಯಾಡ. ವಾರ್ಡಿಗೊಂದು ಕಪಾಟ ಇಡಸ್ರಿ, ಬೀಗ ಇಲ್ದಂಗ. ಯಾ ವಾರ್ಡಿಗೆ ಎಷ್ಟು ಬೇಕಂತ ನನಗ ಬಾಯಾಗ ಐತಿ. ಮುಂಜಾನೆ ಆರೂವರಿಗೆ ಬಂದು ನಾನ ತುಂಬ್ತೀನಿ. ಬೇಕಾದವ್ರು ಕೈಹಾಕಿ ತಗೋಲಿ."

ಸೌಮ್ಯಾ ಕುರ್ಚಿಯಲ್ಲಿ ಮೆಲ್ಲಗೆ ಕೂತಳು. "ಮತ್ತೆ ಕಳೆದು ಹೋದ್ರೆ? ಟ್ರಸ್ಟಿಗಳು ಫಸ್ಟ್ ಅದನ್ನೇ ಕೇಳ್ತಾರೆ."

ಶೆಟ್ಟೆಪ್ಪನಿಗೆ ಹಳೆಯದು ಕಣ್ಣಿಗೆ ಕಟ್ಟಿತು. ಬಿಚ್ಚಿದ ಚೀಲ, ಎರಡು ರೊಟ್ಟಿ, ಸುತ್ತ ನಿಂತವರ ಕಣ್ಣು. ಒಂಬತ್ತು ವರ್ಷ ಆ ಜಾಲರಿಯನ್ನು ಅವನು ಹಿಡಿದು ನಿಂತದ್ದೇ ಆ ಒಂದು ದಿನ ಮತ್ತೆ ಬರಬಾರದೆಂದು.

"ಹ್ವಾದ್ರ ನನ್ನ ಹೆಸರಿಗೆ ಹಚ್ರಿ," ಎಂದ. "ಬರಕೊಡ್ತೀನಿ."

"ಬರ್ಕೊಡೋದು ಬೇಡ ಅಂಕಲ್," ಎಂದಳು ಅವಳು. "ಇನ್ನೊಂದು ಕಾಗದ ಯಾಕೆ?"

ವಾರ್ಡಿನ ಪೆಟ್ಟಿಗೆಯ ಸಂಗತಿ ಅವನಿಂದ ಅವಳಿಗೆ ತಿಳಿದ ಮೇಲೆ ಇಬ್ಬರೂ ಒಂದು ದಿನ ಗೊತ್ತು ಮಾಡಿ, ಬಚ್ಚಿಟ್ಟದ್ದನ್ನೆಲ್ಲ ಮರಳಿ ತಂದಿಡಿ, ಯಾರೂ ಏನೂ ಕೇಳುವುದಿಲ್ಲ ಎಂದು ಎಲ್ಲ ವಾರ್ಡಿಗೂ ಹೇಳಿಕಳಿಸಿದರು. ಮೊದಲ ಗಂಟೆ ಯಾರೂ ಬರಲಿಲ್ಲ. ಆಮೇಲೆ ಒಬ್ಬ ವಾರ್ಡ್‌ಬಾಯ್ ಸಂಕೋಚದಿಂದ ಒಂಬತ್ತು ಚಾದರ ತಂದಿಟ್ಟ. ಅದನ್ನು ನೋಡಿ ಉಳಿದವರಿಗೆ ಧೈರ್ಯ ಬಂತು. ಗಾದಿಯ ಅಡಿಯಿಂದ, ಅಟ್ಟದಿಂದ, ಔಷಧಿ ಫ್ರಿಜ್ಜಿನ ಹಿಂದಿನಿಂದ, ಪ್ರಸೂತಿ ವಾರ್ಡಿನ ದೇವರ ಕಪಾಟಿನಿಂದಲೂ ಚಾದರ ಬಂದವು. ಸಂಜೆಯ ಹೊತ್ತಿಗೆ ನಾನೂರಹನ್ನೆರಡು. ನೆಲಮಾಳಿಗೆಯಲ್ಲಿ ಬೆಟ್ಟದಂತೆ ಬಿದ್ದ ಆ ರಾಶಿಯನ್ನು ನೋಡಿ ನಗಬೇಕೋ ಅಳಬೇಕೋ ಶೆಟ್ಟೆಪ್ಪನಿಗೆ ತಿಳಿಯಲಿಲ್ಲ. ಇಡೀ ಆಸ್ಪತ್ರೆ ತನಗೆ ಹೆದರಿ ಬದುಕಿತ್ತು. ತಾನೋ, ಅವರೆಲ್ಲ ತನ್ನ ಬಳಗ ಎಂದುಕೊಂಡು ದಿನಾ ಮಡಕೆಗೆ ನೀರು ತುಂಬಿದ್ದ.

ದೀಪಾವಳಿಯ ಮುಂದಿನ ಸೋಮವಾರ ಕಪಾಟುಗಳು ಬಂದವು. ಕಿಟಕಿಯ ಜಾಲರಿ ಇಳಿಯಿತು, ಮತ್ತೆ ಎತ್ತುವ ಕೆಲಸ ಬೀಳಲಿಲ್ಲ.

ಶೆಟ್ಟೆಪ್ಪ ನಸುಕಿನ ಲೋಕಲ್ ಹಿಡಿದು ಬರತೊಡಗಿದ. ಆರೂವರೆಗೆ ತಳ್ಳುಗಾಡಿ ತುಂಬಿಕೊಂಡು ಒಂದೊಂದೇ ಮಹಡಿ ಹತ್ತುವನು. ಅದು ಪಾಳಿ ಬದಲಾಗುವ ಹೊತ್ತು. ಯಾರಿಗೂ ಪುರುಸೊತ್ತಿಲ್ಲ. "ಕಾಕಾ, ಸೈಡ್," ಎನ್ನುವರು, ಔಷಧಿಯ ತಟ್ಟೆ ಹಿಡಿದು ಓಡುವರು. ಎಂಟಕ್ಕೆ ಅವನ ಸುತ್ತು ಮುಗಿದಿರುತ್ತಿತ್ತು. ಆಮೇಲೆ ನೆಲಮಾಳಿಗೆಯಲ್ಲಿ ಹರಿದದ್ದನ್ನು ಹೊಲಿಯುವುದು, ಒಗೆದು ಬಂದದ್ದನ್ನು ಮಡಚುವುದು. ಹತ್ತು ಗಂಟೆಯಾಗುವುದು, ಹನ್ನೆರಡಾಗುವುದು, ಮೂರಾಗುವುದು. ಯಾರೂ ಬರುತ್ತಿರಲಿಲ್ಲ. ಬರಬೇಕಾದ ಕಾರಣವೇ ಇರಲಿಲ್ಲ. ಪಕ್ಕದ ಖೋಲಿಯಲ್ಲಿ ಬಟ್ಟೆ ಒಗೆಯುವ ಯಂತ್ರ ಗುರ್ರೆನ್ನುತ್ತಿತ್ತು, ಅದು ನಿಂತರೆ ಗೋಡೆಯೊಳಗೆ ಕೊಳವೆಯ ನೀರು ಹರಿಯುವುದು ಕೇಳಿಸುತ್ತಿತ್ತು. ಒಂದು ದಿನ ಮಧ್ಯಾಹ್ನ ಅವನಿಗೆ ಒಮ್ಮೆಲೇ ಹೊಳೆಯಿತು: ಬೆಳಿಗ್ಗೆಯಿಂದ ತನ್ನ ಬಾಯಿಂದ ಒಂದೇ ಒಂದು ಮಾತು ಬಂದಿಲ್ಲ. ಗಂಟಲಿದೆಯೋ ಇಲ್ಲವೋ ಎಂದು ನೋಡುವವನಂತೆ ಕೆಮ್ಮಿದ.

ಮೇಲೆ ಮಾತ್ರ ಎಲ್ಲ ಸುಸೂತ್ರ. ಹಾಸಿಗೆಗಳು ಬೆಳ್ಳಗಿದ್ದವು. ಮಲ್ಲಕ್ಕ ಮೂರೂವರೆಗೆ ಸೀರೆ ಉಟ್ಟು, ಚೀಲ ಹೆಗಲಿಗೆ ಹಾಕಿ ಸ್ಟೇಷನ್ನಿಗೆ ಬಿರುಸಿನಿಂದ ನಡೆಯುವಳು. ನೆಲಮಾಳಿಗೆಯಿಂದ ಬೀದಿಗೆ ಏರುವ ಇಳಿಜಾರಿನ ಬಳಿಯ ಸಣ್ಣ ಗವಾಕ್ಷಿಯಿಂದ ಶೆಟ್ಟೆಪ್ಪನಿಗೆ ಹೋಗುವವರ ಕಾಲಷ್ಟೇ ಕಾಣುತ್ತಿತ್ತು. ಅವಳ ಕಾಲು ಅವನಿಗೆ ಗುರುತಾಗುತ್ತಿತ್ತು.

ಮೂರನೆಯ ವಾರ ಅವನೊಂದು ಕೆಲಸ ಮಾಡಿದ. ಮಾಡಬಾರದ್ದು ಎಂದು ಗೊತ್ತಿದ್ದೇ ಮಾಡಿದ. ಮೂರನೆಯ ಮಹಡಿಯ ಕಪಾಟಿನಲ್ಲಿ ಆರು ಚಾದರ ಕಡಿಮೆ ಇಟ್ಟು ಕೆಳಗೆ ಬಂದು ಕೂತ. ಹತ್ತರ ಹೊತ್ತಿಗೆ ಯಾರಾದರೂ ಬಂದೇ ಬರುತ್ತಾರೆ. "ಅಣ್ಣಾ, ಆರು ಕಮ್ಮಿ ಬಿದ್ದಾವ ನೋಡ್ರಿ," ಎನ್ನುತ್ತಾರೆ. ಬೆಂಚು ಒರೆಸಿದ. ಮಡಕೆಗೆ ಹೊಸ ನೀರು ತುಂಬಿದ. ಹತ್ತಾಯಿತು. ಹನ್ನೊಂದಾಯಿತು. ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದಾದಾಗಲೆಲ್ಲ ತಲೆ ಎತ್ತಿದ. ಒಂದು ಗಂಟೆಯವರೆಗೂ ಯಾರೂ ಇಳಿದು ಬರಲಿಲ್ಲ.

ಹಸಿ ಹಾಸಿಗೆಯ ಮೇಲೆ ಯಾರಾದರೂ ಮಲಗಿದ್ದರೆ ಎಂದು ಹೆದರಿಕೆ ಹುಟ್ಟಿದ್ದೇ ಆಗ. ಆರು ಚಾದರ ಎದೆಗೆ ಅವಚಿಕೊಂಡು ಓಡಿದ. ಮೂರನೆಯ ಮಹಡಿಯಲ್ಲಿ ಎಲ್ಲ ಹಾಸಿಗೆಯೂ ಸರಿಯಾಗಿದ್ದವು.

"ಕಮ್ಮಿ ಬಿದ್ದೂ ಅಂತ ಎರಡನೇ ಮಾಳಿಗೀದು ತಂದ್ವಿರಿ," ಎಂದಳು ಮಲ್ಲಕ್ಕ, ರೋಗಿಯೊಬ್ಬಳ ಹೆರಳು ಹಾಕುತ್ತ. "ಅಲ್ಲೀ ಕಪಾಟೂ ತೆರದ ಇರತೈತಲ್ಲ. ಅದಕ್ಕ ನಿಮಗ್ಯಾಕ ತ್ರಾಸ ಅಂತ ಬರಲಿಲ್ಲ. ಎಣಿಸೂದ್ರಾಗ ತಪ್ಪೇತೇನ್ರಿ?"

ಹೌದು ಎಂದುಬಿಟ್ಟರೆ ಮುಗಿಯುತ್ತಿತ್ತು. ಶೆಟ್ಟೆಪ್ಪ ಕಪಾಟಿನಲ್ಲಿ ಚಾದರ ಇಟ್ಟು, ಬೆನ್ನು ತಿರುಗಿಸಿಕೊಂಡೇ ಹೇಳಿದ.

"ತಪ್ಪಿಲ್ಲ. ಬೇಕಂತ ಕಮ್ಮಿ ಇಟ್ಟಿದ್ದೆ."

"ಯಾಕ್ರಿ?"

"ಯಾರರ ಬರ್ತಾರೇನಂತ."

ಹೆರಳು ಹಾಕುತ್ತಿದ್ದ ಕೈ ನಿಂತಿತು. ಮಲ್ಲಕ್ಕ ಬಾಯಿ ತೆರೆದಳು, ಆದರೆ ಅಷ್ಟರಲ್ಲಿ ಆಚೆಯ ಮಂಚದಿಂದ ಯಾರೋ "ಮೌಸೀ, ಪಾನೀ," ಎಂದು ಕರೆದರು. ಅವಳು ಹೋದಳು. ಶೆಟ್ಟೆಪ್ಪ ಕೆಳಗೆ ಬಂದ. ಹೇಳಿಬಿಟ್ಟೆನಲ್ಲ ಎಂದು ನಾಚಿಕೆಯಾಗಿತ್ತು. ಆದರೂ ಹೇಳಿದ್ದಕ್ಕೆ ಹಗುರವೂ ಆಗಿತ್ತು.

ಮೂರೂವರೆಗೆ ಅವಳು ನೆಲಮಾಳಿಗೆಯ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಬರಲಿಲ್ಲ, ಬೆಂಚಿನ ಮೇಲೆ ಕೂರಲಿಲ್ಲ.

"ನಿಮ್ಮ ಡ್ಯೂಟಿ ಎಷ್ಟಕ್ಕ ಮುಗೀತೈತ್ರಿ ಈಗ?"

"ಮೂರೂವರಿಗೆ ಹೋಗ್ರಿ ಅಂತ ಮ್ಯಾಡಮ್ ಅಂದಾರ. ಆರೂವರಿಗೆ ಬರ್ತೀನಲ್ಲ, ಅದಕ್ಕ."

"ಮತ್ತ ಸಂಜೀತನಾ ಇಲ್ಲಿ ಕುಂತು ಏನ ಮಾಡ್ತೀರಿ?"

ಅವನು ಮಡಚಿಟ್ಟಿದ್ದ ಚಾದರವೊಂದನ್ನು ಬಿಚ್ಚಿ ಮತ್ತೆ ಮಡಚಿದ.

"ನನಗ ಇಲ್ಲಿ ಕುಂದರಾಕ ಆಗೂದಿಲ್ಲಣ್ಣಾ, ಖರೇ ಹೇಳ್ತೀನಿ. ಒಂಬತ್ತು ವರ್ಸ ಕುಂತೀನಿ, ಸಾಕಾಗೇತಿ," ಎಂದಳು ಮಲ್ಲಕ್ಕ. "ಸ್ಟೇಷನ್ನಿನತನಾ ಹತ್ತು ಮಿಂಟಿನ ಹಾದಿ ಐತಿ. ನಡಕೋಂತ ಮಾತಾಡೂದಾದ್ರ ಬರ್ರಿ. ಲಗೂನ ಬರಬೇಕು ಮತ್ತ, ನಾ ನಿಂದ್ರಂಗಿಲ್ಲ."

ಅವನು ಚಪ್ಪಲಿ ಮೆಟ್ಟಿಕೊಂಡು ಬೀಗ ಹಾಕುವಷ್ಟರಲ್ಲಿ ಅವಳು ಇಳಿಜಾರು ಹತ್ತಿಯಾಗಿತ್ತು. ಬಹುಪಾಲು ಹಾದಿ ಅವನು ಅವಳ ಹಿಂದೆ ಹಿಂದೆ ಓಡಿದ್ದೇ ಆಯಿತು. ತರಕಾರಿ ಮಾರ್ಕೆಟಿನ ಗದ್ದಲದಲ್ಲಿ ಅರ್ಧ ಮಾತು ಕೇಳಿಸಲಿಲ್ಲ. ಮಗಳಿಗೆ ಥಾಣೆಯಲ್ಲಿ ಕೆಲಸ ಸಿಕ್ಕಿದ್ದು, ಹನ್ನೆರಡನೇ ನಂಬರಿನ ಅಜ್ಜಿ ಮನೆಗೆ ಹೋದದ್ದು, ಇಷ್ಟು ಹೇಳುವಷ್ಟರಲ್ಲಿ ಸ್ಟೇಷನ್ ಬಂತು. ಅವಳು ಹೆಂಗಸರ ಡಬ್ಬಿಗೆ ಹತ್ತಿದಳು. ಅವನು ಜನರಲ್ ಡಬ್ಬಿಗೆ. ಕುರ್ಲಾದಲ್ಲಿ ಇಳಿದು ಹೆಂಗಸರ ಡಬ್ಬಿಯ ಕಡೆ ಕೈ ಎತ್ತಿದ. ಅಷ್ಟು ಜನರಲ್ಲಿ ಅವಳಿಗೆ ಕಂಡಿತೋ ಇಲ್ಲವೋ, ಗಾಡಿ ಹೊರಟಿತು.

ಆಮೇಲೆ ಅದೇ ರೂಢಿಯಾಯಿತು ಎಂದು ಹೇಳುವಂತಿಲ್ಲ. ವಾರದಲ್ಲಿ ಎರಡು ದಿನ, ಮೂರು ದಿನ ಜೊತೆ ಸಿಗುತ್ತಿತ್ತು. ಉಳಿದ ದಿನ ಅವಳು ಬೇರೆ ಆಯಾಗಳ ಗುಂಪಿನಲ್ಲಿ ನಗುತ್ತ ಹೋಗುವಳು. ಅವನು ನಾಲ್ಕು ಮಾರು ಹಿಂದೆ ಉಳಿಯುವನು. ಹೊಸ ವರ್ಷದಲ್ಲಿ ಲೆಕ್ಕ ತೆಗೆದಾಗ ಕಡಿಮೆ ಬಿದ್ದದ್ದು ಏಳೇ ಚಾದರ. ಸೌಮ್ಯಾ ಅದನ್ನು ಯಾರ ಹೆಸರಿಗೂ ಹಚ್ಚಲಿಲ್ಲ.

ಅವಳ ಜೊತೆ ನಡೆದ ಆ ಮೊದಲ ದಿನ ಕುರ್ಲಾದ ಸೇತುವೆ ಇಳಿದು ಬಂದಾಗ ಗಂಟೆ ನಾಲ್ಕೂಕಾಲೂ ಆಗಿರಲಿಲ್ಲ. ಎಂಟು ವರ್ಷದಲ್ಲಿ ಕೆಲಸದ ದಿನ ಅವನು ಬೆಳಕಿರುವಾಗ ಮನೆ ಸೇರಿದ್ದೇ ಇಲ್ಲ. ಬೀಗ ತೆಗೆದರೆ ಖೋಲಿಯ ತುಂಬ ಇಳಿಬಿಸಿಲು. ರವಿವಾರ ಆ ಹೊತ್ತಿನಲ್ಲಿ ಮುಸುಕೆಳೆದು ಮಲಗಿರುತ್ತಿದ್ದವನಿಗೆ ತನ್ನ ಮನೆಗೆ ಬಿಸಿಲು ಬರುತ್ತದೆ ಎಂಬುದೇ ಗೊತ್ತಿರಲಿಲ್ಲ. ಚನ್ನವ್ವನಿಗೆ ಗೊತ್ತಿದ್ದಿರಬೇಕು. ಅವಳು ಎಷ್ಟೋ ವರ್ಷ ಈ ಹೊತ್ತಿನಲ್ಲಿ ಇಲ್ಲಿ ಒಬ್ಬಳೇ ಕೂತಿದ್ದಳು. ಶೆಟ್ಟೆಪ್ಪ ಚಹಾಕ್ಕೆ ಇಟ್ಟ. ಕುದಿಯುವವರೆಗೆ ಮಾಡಲು ಬೇರೆ ಕೆಲಸವಿಲ್ಲದೆ, ಬಾಗಿಲನ್ನು ಪೂರ್ತಿ ತೆರೆದಿಟ್ಟು ಗ್ಯಾಲರಿಗೆ ಬಂದು ನಿಂತ. ಪಕ್ಕದ ಮನೆಯ ಮುದುಕಿ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಿ, "ಆಜ್ ಲವಕರ್ ಆಲಾತ್?" ಎಂದಳು, ಇವತ್ತು ಬೇಗ ಬಂದಿರಲ್ಲ ಎಂದು.

"ಹೋ, ಮಾವಶೀ," ಎಂದ ಶೆಟ್ಟೆಪ್ಪ. ಇನ್ನೇನಾದರೂ ಹೇಳಬೇಕೆನ್ನಿಸಿತು. ಅವಳು ಅಕ್ಕಿಯ ಮೊರದ ಕಡೆಗೆ ತಿರುಗಿದಳು, ಅವನು ಅಲ್ಲಿಯೇ ಕಟಕಟೆಗೆ ಒರಗಿ ನಿಂತ.